ಸುಣ್ಣ ನುಂಗಿದ ಶಾಖ

ವಸಂತಪುರದ ಮನೆ ಓನರ್ ದಿನೇಶ್ ಬಾಡಿಗೆಯವರ ಮಾತು ಕೇಳಿದ್ದುಂಟೆ? ಯುಗಾದಿಗೆ ಕಾಂಪೌಂಡಿಗೆ ಬಳಿಯಲೆಂದು ಸುಟ್ಟ ಸುಣ್ಣದ ಕಲ್ಲು ತಂದಿದ್ದ. ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು ನೀರು ಹೊಯ್ದದ್ದೇ ತಡ, ಕೊತಕೊತ ಕುದಿಯತೊಡಗಿತು.

“ಬೆಂಕಿನೇ ಇಲ್ಲ, ಬಿಸಿ ಎಲ್ಲಿಂದ ಬಂತು ಮಿಸ್?” ಎಂದಳು ಅವನ ಮಗಳು ಬಿಂದುಶ್ರೀ.

ಮಹಡಿಯ ಬಾಡಿಗೆಯವಳು, ಬಾಗಲಕೋಟೆ ಕಡೆಯ ಅನ್ನಪೂರ್ಣ, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು. ಬಾಯಿ ಸುಮ್ಮನಿದ್ದೀತೆ? “ಭಟ್ಟಿಯೊಳಗ ಸುಟ್ಟಾಗ ಕಲ್ಲು ನುಂಗಿದ ಶಾಖ ಅದು. ಎಲ್ಲೂ ಕಳದಿಲ್ಲ. ನೀರು ಬಿದ್ದಕೂಡ್ಲೆ ಅದರಾಗ ಒಂದು ಪಾಲು ಹೊರಗ ಬರ್ತದ. ಅಣ್ಣಾರ, ಮುಚ್ಚಳ ಮಾತ್ರ ಹಾಕಬ್ಯಾಡ್ರಿ.”

“ನಾಯಿ ಬಾಯಿ ಹಾಕುತ್ತೆ ಮೇಡಂ. ಕ್ಲಾಸು ಆಮೇಲೆ ತಗೊಳ್ಳಿ” ಎಂದು ದಿನೇಶ್ ಮುಚ್ಚಳವನ್ನು ಒತ್ತಿ ಕೂರಿಸಿಯೇಬಿಟ್ಟ. ನೋಡನೋಡುತ್ತ ಡ್ರಮ್ಮು ಉಬ್ಬಿತು. ಅನ್ನಪೂರ್ಣ “ಬಿಂದು, ದೂರ ಬಾ” ಎನ್ನುವಷ್ಟರಲ್ಲಿ ಮುಚ್ಚಳ ಹಾರಿತು.

ಬಿಂದುಶ್ರೀ ಮುಖ ಮುಚ್ಚಿಕೊಂಡು ಕುಸಿದಳು. ಬಲಗಣ್ಣಿನ ತುಂಬ ಸುಣ್ಣ. ಅನ್ನಪೂರ್ಣ ನಲ್ಲಿ ತಿರುಗಿಸಿ ಹೂಕುಂಡಗಳ ಪೈಪು ಎಳೆದು ತಂದಳು. ದಿನೇಶ್ ಅಡ್ಡ ಬಂದು ಅದನ್ನು ಕಿತ್ತುಕೊಂಡ.

“ನೀರು ಹಾಕ್ಬೇಡಿ. ನೀರು ಬಿದ್ರೆ ಬಿಸಿ ಬರುತ್ತೆ ಅಂತ ನೀವೇ ಹೇಳಿದ್ರಲ್ಲ. ಮಗಳ ಕಣ್ಣು ಬೇಯಿಸ್ತೀರಾ?”

ಅಯ್ಯೋ, ಅರ್ಧ ಪಾಠ ಹೇಳಿ ಕೆಟ್ಟೆನಲ್ಲ ಎಂದುಕೊಂಡಳು ಅನ್ನಪೂರ್ಣ. ಅವನು ವಾದ ಮಾಡಿದಷ್ಟೂ ಹೊತ್ತು ಸುಣ್ಣ ಕಣ್ಣನ್ನು ತಿನ್ನುತ್ತಿರುತ್ತದೆ.

“ಆ ಶಾಖ ಡ್ರಮ್ಮಿನ್ಯಾಗೇ ಹೊರಗ ಬಿದ್ದಾತ್ರಿ. ಇದು ಅರಳಿದ ಸುಣ್ಣ. ಉಳಿದ ಬಿಸಿ, ಉಳಿದ ಉರಿ ಎರಡನ್ನೂ ಹರಿಯೋ ನೀರೇ ಹೊತ್ಕೊಂಡು ಹೋಗಬೇಕು. ಬಿಡ್ರಿ.”

“ಹೆಚ್ಚುಕಮ್ಮಿ ಆದ್ರೆ?” ದಿನೇಶ್ ಪೈಪು ಮಾತ್ರ ಬಿಡಲೊಲ್ಲ.

ಇವನಿಗೆ ಮಾತು ಸಾಲದು. ಅನ್ನಪೂರ್ಣ ನೆಲಕ್ಕೆ ಚೆಲ್ಲಿದ್ದ ಸುಣ್ಣವನ್ನೇ ಬಾಚಿ ತನ್ನ ಕೆನ್ನೆಗೆ ಮೆತ್ತಿಕೊಂಡಳು. ಚುರ್ರೆಂದಿತು. ಅವನ ಕೈಲಿದ್ದ ಪೈಪಿಗೇ ಮುಖ ಒಡ್ಡಿದಳು. ಸುಣ್ಣ ಹರಿದುಹೋಯಿತು. “ಈಗ ಅಕಿಗೆ” ಎಂದಳು.

ದಿನೇಶ್ ಪೈಪು ಅವಳ ಕೈಗಿತ್ತು, ಮಂಡಿಯೂರಿ ಮಗಳ ರೆಪ್ಪೆಯನ್ನು ತಾನೇ ಅಗಲಿಸಿ ಹಿಡಿದ. ಅನ್ನಪೂರ್ಣ ನೀರು ಬಿಡುತ್ತಲೇ ಇದ್ದಳು. ಆಟೋದಲ್ಲೂ ಬಾಟಲಿಯಿಂದ ಕಣ್ಣಿಗೆ ಸುರಿಯುತ್ತಲೇ ಆಸ್ಪತ್ರೆ ಮುಟ್ಟಿದರು.

ಅಲ್ಲಿ ಡಾಕ್ಟರು ಹುಡುಗಿಯ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಬಿಡಿಸಿ ಕೇಳಿದರು: “ಏನ್ ಕಾಣ್ತಿದೆಯಮ್ಮ?”

ಬಿಂದುಶ್ರೀ ಎದುರಿಗಿದ್ದವಳನ್ನು ದಿಟ್ಟಿಸಿದಳು.

“ಅಪ್ಪ, ಮಿಸ್ ಕೆನ್ನೆ ನೋಡು, ಸುಟ್ಟು ಕೆಂಪಾಗಿದೆ.”