ಒತ್ತಿ ಹಿಡಿದ ಗುಂಡಿ

ಲಿಫ್ಟ್ ಮೆಕ್ಯಾನಿಕ್ಕು ಕೆಲಸದಲ್ಲಿ ಕಲಿತದ್ದು ಒಂದೇ ವಿದ್ಯೆ: ಯಂತ್ರ ಹಟ ಹಿಡಿದರೆ ಮೊದಲು ಕರೆಂಟು ಕೀಳು, ಉಳಿದದ್ದು ಆಮೇಲೆ. ಮನೆಯ ಟಿವಿ, ಮಿಕ್ಸಿ, ವಾಷಿಂಗ್ ಮೆಷಿನ್ನು ಎಲ್ಲಕ್ಕೂ ಅದೇ ಮದ್ದು. ಪುಣ್ಯಕ್ಕೆ ಹೆಂಡತಿಗೆ ಸ್ವಿಚ್ಚಿರಲಿಲ್ಲ.

ಅವತ್ತು ಅವಳನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮಗಳು ತುಂಬು ಬಸುರಿ. ಹುಟ್ಟಲಿರುವ ಮೊಮ್ಮಗುವಿಗೆಂದು ಹೆಂಡತಿ ಬೆಳಗ್ಗೆಯೇ ಲ್ಯಾಪ್‌ಟಾಪ್ ಎದುರು ಕೂತು ಕಥೆ, ಜೋಗುಳ ಎಲ್ಲ ರೆಕಾರ್ಡ್ ಮಾಡಿದ್ದಳು. ಸುಸ್ತಾಗಿ, ಸೇವ್ ಮಾಡುವುದನ್ನೂ ಮರೆತು ಮುಚ್ಚಳ ಮುಚ್ಚಿದಳು.

"ಹೊರಡೋಕ್ಮುಂಚೆ ಒಂದ್ಸಲ ಕೇಳ್ಬೇಕು ರೀ, ತೆಗೆದಿಡಿ," ಎಂದು ಸ್ನಾನಕ್ಕೆ ಹೋದಳು.

ಅವನು ಮುಚ್ಚಳ ತೆಗೆದ. ಪರದೆ ಕಪ್ಪು. ಕೀಲಿ ಒತ್ತಿದ, ಮೌಸ್ ಅಲ್ಲಾಡಿಸಿದ, ಊಹೂಂ. ದೀಪವೇನೋ ಮಿಣುಕುತ್ತಿತ್ತು, ಒಳಗೆ ಫ್ಯಾನೂ ತಿರುಗುತ್ತಿತ್ತು. ಹೊತ್ತಾಗುತ್ತಿದೆ ಎಂಬ ಗಡಿಬಿಡಿಯಲ್ಲಿ ಬೆರಳು ತಾನಾಗಿಯೇ ಪವರ್ ಗುಂಡಿಯನ್ನು ಒತ್ತಿ ಹಿಡಿಯಿತು. ಫ್ಯಾನ್ ನಿಂತಿತು. ಮತ್ತೆ ಚಾಲೂ ಮಾಡಿದಾಗ ಹಳೆಯ ಫೋಟೋಗಳೆಲ್ಲ ಇದ್ದವು, ಅವಳ ದನಿ ಮಾತ್ರ ಎಲ್ಲೂ ಇರಲಿಲ್ಲ.

ರಿಪೇರಿಯವನಿಗೆ ಫೋನ್ ಹಚ್ಚಿ, ಪರದೆ ಕಪ್ಪಾಗಿದ್ದುದನ್ನು ಹೇಳಿದ.

"ಅದು ನಿದ್ದೆಯಿಂದ ಎದ್ದಿಲ್ಲ ಅಷ್ಟೇ ಸಾರ್, ಒಳಗೆ ಎಲ್ಲಾ ಹಾಗೇ ಇರುತ್ತೆ. ಚಾರ್ಜರ್ ಹಾಕಿ ಸ್ವಲ್ಪ ಕಾಯಿರಿ, ಟಿವಿಗೆ ಕೇಬಲ್ ಕೊಟ್ಟು ನೋಡಿ. ಬಟನ್ ಮಾತ್ರ ಒತ್ತಿ ಹಿಡೀಬೇಡಿ, ಸೇವ್ ಆಗದೇ ಇರೋದೆಲ್ಲ ಹೋಗ್ಬಿಡುತ್ತೆ."

"ಹಿಡಿದಾಯ್ತಲ್ಲಪ್ಪ."

"ತಂದುಕೊಡಿ, ನೋಡೋಣ. ಆಸೆ ಮಾತ್ರ ಇಟ್ಕೋಬೇಡಿ ಸಾರ್."

ಸ್ನಾನ ಮುಗಿಸಿ ಬಂದ ಹೆಂಡತಿಯನ್ನು ಹೊತ್ತಾಯಿತೆಂದು ಅವಸರದಲ್ಲೇ ಕಾರು ಹತ್ತಿಸಿದ. ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. ಕಾರು ಹೊರಟ ಮೇಲೆ ನಡೆದದ್ದನ್ನೆಲ್ಲ ಹೇಳಿ, "ಫೋನಲ್ಲೇ ಇನ್ನೊಂದ್ಸಲ ಹೇಳ್ತೀಯಾ?" ಎಂದು ಬೇಡಿಕೊಂಡ. ಅವಳು ಫೋನ್ ತೆಗೆದುಕೊಂಡು ಜೋಗುಳ ಎತ್ತಿದಳು. ಮೊದಲ ಸಾಲಿಗೇ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತು. ಇದ್ದಬದ್ದ ದನಿಯನ್ನೆಲ್ಲ ಬೆಳಗ್ಗೆ ಸುರಿದುಬಿಟ್ಟಿದ್ದಳು.

ಫೋನನ್ನು ಅವನ ತೊಡೆಯ ಮೇಲೆ ಎಸೆದಳು. "ನಿಮ್ಮ ಕೈಗಿಷ್ಟು ಬೆಂಕಿ ಬೀಳ! ಯಾವುದಕ್ಕಾದ್ರೂ ತಾಳ್ಮೆ ಅನ್ನೋದಿದೆಯಾ? ಮದುವೆ ದಿನಾನೂ ಹೀಗೇ, ಫೋಟೋದವನು ರೆಡಿ ಅನ್ನೋಕ್ಮುಂಚೆ ಎದ್ದು ಹೋದೋರು ನೀವು!"

ಒಡಕು ದನಿ. ಆದರೂ ಅವಳದೇ ದನಿ. ಆಸ್ಪತ್ರೆಯ ಗೇಟು ಬಂತು. ಅವನು ತಿರುಗಿಸದೆ ಮುಂದಕ್ಕೇ ಹೋದ.

"ಎಲ್ಲಿಗ್ರೀ? ಗೇಟೂ ಕಾಣ್ಲಿಲ್ವಾ? ಕಣ್ಣೆಲ್ಲಿಟ್ಟಿದ್ದೀರಿ?"

"ಇನ್ನೊಂದು ಸುತ್ತು ಹೋಗಿ ಬರೋಣ ಕಣೇ," ಎಂದ ಅವನು. "ಬೈತಾ ಇರು."