ಸೂಜಿ ಯಾರ ಕೈಯಲ್ಲಿ

ನನ್ನ ಗಂಡ ಬೆಳ್ಳಪ್ಪನವರಿಗೆ ಒಂಬತ್ತು ವರ್ಷ ಇನ್ಸುಲಿನ್ ಚುಚ್ಚಿದವಳು ನಾನು. ಒಂದು ಹೊತ್ತೂ ತಪ್ಪಿಸಿದವಳಲ್ಲ. ಮಜ್ಜಿಗೆ ನೀರಿನಂತೆ ಮಬ್ಬಾಗಿದ್ದ ಆ ಔಷಧಿಯ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಬೆಳಿಗ್ಗೆ ಇಪ್ಪತ್ತು, ಸಂಜೆ ಹದಿನಾಲ್ಕು ಯೂನಿಟ್ ಸಿರಿಂಜಿಗೆ ಎಳೆದು, ತಿನ್ನುವ ಅರ್ಧ ಗಂಟೆ ಮುಂಚೆ ಹೊಟ್ಟೆಗೆ ಕೊಡುತ್ತಿದ್ದೆ. ಅವರು ಕಂಡಕ್ಟರ್ ಆಗಿ ಸಾಗರಕ್ಕೂ ತೀರ್ಥಹಳ್ಳಿಗೂ ಓಡಾಡುತ್ತಿದ್ದಾಗಲೂ ನನ್ನ ಕೈಯಿಂದ ಚುಚ್ಚಿಸಿಕೊಳ್ಳದೆ ಡ್ಯೂಟಿಗೆ ಹೊರಟವರಲ್ಲ. ರಿಪ್ಪನ್‌ಪೇಟೆಯ ನಮ್ಮ ಬೀದಿಗೆಲ್ಲ ಇದು ಗೊತ್ತು. ನಾನೇ ಹೇಳಿದ್ದೇನೆ.

ಮೇ ತಿಂಗಳಲ್ಲಿ ನಾದಿನಿ ಶ್ಯಾಮಲಾ ಬಂದಳು. ಸಾಗರದಲ್ಲಿ ನರ್ಸ್ ಆಗಿದ್ದವಳು, ನಿವೃತ್ತಿಯಾದ ಮೇಲೆ ನಮ್ಮ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದಳು. ಒಂಟಿ ಹೆಂಗಸು, ಇರಲಿ ಎಂದುಕೊಂಡೆ. ವಾರದೊಳಗೆ ಅಣ್ಣನನ್ನು ತೀರ್ಥಹಳ್ಳಿಯ ಡಾಕ್ಟರಿಗೆ ತೋರಿಸಿ, ಇನ್ಸುಲಿನ್ ಚುಚ್ಚುವ ಎರಡು ಪೆನ್ನು ಹಿಡಿದುಕೊಂಡು ಬಂದಳು.

“ನೋಡಿ ಅತ್ಗೆ, ಈ ಕೆಂಪು ಪೆನ್ನು ತಿನ್ನೋ ಹೊತ್ತಿಗೆ. ಬೇಗ ಕೆಲ್ಸ ಮಾಡಿ ಬೇಗ ಮುಗೀತದೆ, ದಿನಕ್ಕೆ ಮೂರ್ಸಲ. ಹಸಿರುದು ರಾತ್ರಿ ಒಂದೇ ಸಲ, ಇಡೀ ದಿನ ಒಂದೇ ಸಮ ಇರ್ತದೆ. ಹಳೇ ಬಾಟ್ಲಿ ಇನ್ನು ಬ್ಯಾಡ.”

“ನಂಗೆ ಕಲ್ಸು, ನಾ ಕೊಡ್ತೀನಿ.”

“ನಿಮಗ್ಯಾಕೆ ತೊಂದ್ರೆ? ನಾನೇ ಬಂದು ಹೋಗ್ತೀನಿ.”

ತೊಂದರೆಯಂತೆ! ದಿನಕ್ಕೆ ನಾಲ್ಕು ಸಲ ಬರತೊಡಗಿದಳು. ಇವರು ಅಂಗಿ ಎತ್ತುವುದೇನು, ಅಣ್ಣತಂಗಿ ಚಿಕ್ಕಂದಿನ ಕಥೆ ತೆಗೆದು ನಗುವುದೇನು! “ಮೊದ್ಲಿನಷ್ಟು ನೋವೇ ಇಲ್ಲ” ಎಂದು ಒಂದು ದಿನ ಅಂದೂಬಿಟ್ಟರು. ಸೂಜಿ ಸಣ್ಣದಾದರೆ ನೋವು ಕಡಿಮೆಯಾಗದೆ ಇನ್ನೇನು? ನನಗೆ ಹೊಟ್ಟೆ ಉರಿದುಹೋಯಿತು. ಹಳೆಯ ಬಾಟಲಿಯನ್ನು ಎಸೆಯದೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಇಟ್ಟುಕೊಂಡೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಅವಳು ಬರುವ ಮುಂಚೆಯೇ ಹಳೆಯ ಬಾಟಲಿಯಿಂದ ಇಪ್ಪತ್ತು ಯೂನಿಟ್ ಎಳೆದು ಇವರ ಎದುರು ನಿಂತೆ.

“ಇವತ್ತು ನಾನೇ. ಅವ್ಳು ಬಂದ್ರೆ, ಆಯ್ತು ಅಂತ ಹೇಳಿ.”

ಇವರು ನನ್ನ ಮುಖ ನೋಡಿ ಅಂಗಿ ಎತ್ತಿದರು. ಗೆದ್ದೆನೆಂಬ ಹುರುಪಿನಲ್ಲಿ ಡೈರಿಗೆ ಹಾಲು ಹಾಕಲು ಹೋದೆ. ಬರುವಷ್ಟರಲ್ಲಿ ಇವರು ಕಡುಬು ತಿಂದು ಕೈ ತೊಳೆದಾಗಿತ್ತು.

ಒಂಬತ್ತೂವರೆಗೆ ಇವರ ಮೈಯೆಲ್ಲ ಬೆವರಿ, ಕೈ ನಡುಗತೊಡಗಿತು. ನನ್ನನ್ನೇ ನೋಡಿ “ಟಿಕೆಟ್ ಆಯ್ತಾ, ಟಿಕೆಟ್?” ಎಂದರು. ನಾನು ಸಕ್ಕರೆ ನೀರು ಕುಡಿಸುತ್ತಲೇ ಶ್ಯಾಮಲಾಳಿಗೆ ಫೋನ್ ಮಾಡಿದೆ. ಅವಳು ಓಡಿ ಬಂದು ಬೆರಳು ಚುಚ್ಚಿ ನೋಡಿದಳು. ಸಕ್ಕರೆ ನಲವತ್ತೆಂಟು.

“ಬೆಳಿಗ್ಗೆ ನಾ ಕೊಟ್ಟಿದ್ದು ಹತ್ತೇ ಯೂನಿಟ್ಟು. ಇಷ್ಟು ಹೆಂಗೆ ಇಳೀತು?”

ನನಗೆ ಆಗ ಹೊಳೆಯಿತು. ಇವರು ಇಬ್ಬರ ಕೈಯಲ್ಲೂ ಚುಚ್ಚಿಸಿಕೊಂಡಿದ್ದರು. ಬಾಟಲಿ ತಂದು ಅವಳ ಮುಂದಿಟ್ಟು, ಇದ್ದದ್ದು ಹೇಳಿದೆ.

“ಇದು ಇನ್ನೂ ಇಳಿಸ್ತಾನೇ ಇರ್ತದೆ ಅತ್ಗೆ” ಎಂದಷ್ಟೇ ಹೇಳಿ, ಸಂಜೆಯವರೆಗೂ ಮತ್ತೆ ಮತ್ತೆ ಸಕ್ಕರೆ ನೋಡುತ್ತ, ತಿನ್ನಿಸುತ್ತ ಅಣ್ಣನ ಪಕ್ಕದಲ್ಲೇ ಕುಳಿತಳು. ಬೈದಿದ್ದರೆ ವಾಸಿಯಿತ್ತು.

ಇವರು ಸುಧಾರಿಸಿಕೊಂಡ ಮೇಲೆ ಕೇಳಿದೆ. “ಆಯ್ತು ಅಂತ ಯಾಕೆ ಹೇಳ್ಲಿಲ್ಲ?”

“ಪೆನ್ನು ಹಿಡ್ಕೊಂಡು ನಿಂತಿದ್ಲು. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ.”

ಮರುದಿನ ಬೆಳಿಗ್ಗೆ ಕೆಂಪು ಪೆನ್ನನ್ನು ಇವರೇ ಎತ್ತಿಕೊಂಡರು. ಸೂಜಿ ಸಿಕ್ಕಿಸಿ, ಅಳತೆ ತಿರುಗಿಸಿ, ಹೊಟ್ಟೆಗೆ ಚುಚ್ಚಿ, ಹತ್ತು ಎಣಿಸಿ ತೆಗೆದರು. ಕೈ ಒಂದಿಷ್ಟೂ ಅಳುಕಲಿಲ್ಲ.

“ಯಾವಾಗ ಕಲ್ತ್ರಿ?”

“ಚುಚ್ಕೊಳ್ಳೋದು ಒಂಬತ್ತು ವರ್ಷದ ಹಿಂದೇನೇ ಆಸ್ಪತ್ರೇಲಿ ಕಲ್ಸಿದ್ರು, ಮಾರಾಯ್ತಿ; ಪೆನ್ನು ಅವ್ಳನ್ನ ನೋಡಿ ಬಂತು. ನಿಂಗಿಷ್ಟ ಅಂತ ಸುಮ್ನಿದ್ದೆ.”

ನನ್ನ ಕಣ್ಣು ತುಂಬಿತು. ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ.

“ಮತ್ತೆ ಅವ್ಳ ಕೈಲಿ ಯಾಕೆ ಚುಚ್ಚಿಸ್ಕೊಂಡ್ರಿ?”

ಇವರು ಪೆನ್ನಿಗೆ ಮುಚ್ಚಳ ಹಾಕಿದರು.

“ಅವ್ಳಿಗೂ ಇಷ್ಟ ಇತ್ತಲ್ಲ.”