ಮೂರನೇ ಕುದಿಯ ಗುಟ್ಟು

ರೆಂಬಾಂಗಿನ ನ್ಯಾಯಾಲಯದ ಹೊರಗೆ ಕಡಲಗಾಳಿ ಭೋರೆನ್ನುತ್ತಿದ್ದರೆ, ಒಳಗೆ ವೆನಿಂಗ್ ಬೆಂಚಿನ ತುದಿಗೆ ಜರುಗಿ ಕೂತಿದ್ದಳು. ಸಾಕ್ಷಿಯ ಕುರ್ಚಿಯಲ್ಲಿ ಅವಳ ಅತ್ತೆ ರಿಂತೆನ್ ಕೂತಿದ್ದರು. ಇಡೀ ಊರು ಅನ್ನಕ್ಕೆ ಸುರಿದುಕೊಳ್ಳುವ ಸಿಹಿ ಕೆಚಾಪ್, ಆ ಕಪ್ಪನೆಯ ಸೋಯಾ ಪಾಕ, ಅವರ ಕೈಯದು. ಮೂರನೇ ಕುದಿ ಬಂದಾಗ ಕಡಾಯಿಗೆ ಏನು ಬೀಳುತ್ತದೆಂದು ಅವರಿಗೊಬ್ಬರಿಗೇ ಗೊತ್ತು. ಮಗನಿಗೂ ಹೇಳಿಲ್ಲ, ಸೊಸೆಗಂತೂ ಇಲ್ಲವೇ ಇಲ್ಲ.

ಆ ಗುಟ್ಟನ್ನು ಕಡಾಯಿಯ ಆಳೊಬ್ಬ ಕದ್ದು ನೋಡಿ ವಿರ್ಯೊ ಎಂಬ ವ್ಯಾಪಾರಿಗೆ ಮಾರಿಬಿಟ್ಟಿದ್ದ. ಈಗ ವಿರ್ಯೊನ ಬಾಟಲಿಗಳಲ್ಲೂ ಅದೇ ರುಚಿ. ಅದನ್ನು ನಿಲ್ಲಿಸಬೇಕೆಂದೇ ಅತ್ತೆ ಹೂಡಿದ ದಾವೆ ಇದು.

"ಗುಟ್ಟು ಕಾಪಾಡೋಕೆ ಏನ್ ಮಾಡಿದ್ರಿ ಅಜ್ಜಿ?" ವಿರ್ಯೊನ ವಕೀಲ ಕೇಳಿದ. "ಆಳುಗಳಿಂದ ಕರಾರು ಬರೆಸ್ಕೊಂಡಿದ್ರಾ?"

"ಕರಾರು ಯಾಕಪ್ಪಾ? ಕುದಿಸೋ ದಿನ ಬರೀ ಬಿಳಿ ಅನ್ನ ತಿಂದು ಮೌನವಾಗಿರ್ತೀನಿ. ಯಾರೂ ಏನೂ ಕೇಳೋ ಹಾಗಿಲ್ಲ. ಮೂರನೇ ಕುದಿಗೆ ಎಲ್ರೂ ಬೆನ್ನು ತಿರುಗಿಸ್ಬೇಕು. ನಮ್ಮಜ್ಜಿ ಕಾಲದಿಂದ ಹೀಗೇ."

ಇದೂ ಒಂದು ಕಾವಲೇ ಎಂಬಂತೆ ನ್ಯಾಯಾಧೀಶೆ ತಲೆಯಾಡಿಸಿ ಬರೆದುಕೊಂಡರು. ವಕೀಲನಿಗೆ ಉರಿಯಿತು.

"ಸೋಯಾ, ತಾಳೆಬೆಲ್ಲ, ಚಕ್ರಮೊಗ್ಗು. ಎಲ್ಲರ ಮನೇಲೂ ಇರೋದೇ! ನಿಮ್ಮದರಲ್ಲಿ ಬೇರೆ ಏನೂ ಇಲ್ಲ. ಗುಟ್ಟು ಅಂತ ಸುಮ್ನೆ ಬಡಾಯಿ."

"ಬಡಾಯಿನಾ?" ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. "ಏನೂ ಇಲ್ವಂತೆ! ಕೇಳಿಸ್ಕೋ ಹಾಗಾದ್ರೆ! ಮೊದಲು ಹಿಡಿಯಷ್ಟು..."

ಹಿಂದಿನ ಬೆಂಚುಗಳಲ್ಲಿ ಊರಿನ ಕೆಚಾಪ್ ಮಾಡುವವರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು. ಒಬ್ಬಳು ಮಗುವಿನ ಬಾಯಿಗೆ ಬಾಳೆಹಣ್ಣು ತುರುಕಿ ಕಿವಿ ನಿಮಿರಿಸಿದಳು. ಇನ್ನೊಂದೇ ಮಾತು ಹೊರಬಿದ್ದರೆ ಅಜ್ಜಿಯರ ಗುಟ್ಟು ಸಂತೆಯ ಪಾಲು, ದಾವೆ ನೀರಿನ ಪಾಲು!

ವೆನಿಂಗ್ ಹಾರಿದಳು. ಕಟಕಟೆ ದಾಟಿ ಓಡಿ, ಅಂಗೈಯಿಂದ ಅತ್ತೆಯ ಬಾಯಿ ಒತ್ತಿ ಮುಚ್ಚಿದಳು. ಸಭೆಯೆಲ್ಲ ಗುಜುಗುಟ್ಟಿತು. ಸೊಸೆ, ಅತ್ತೆಯ ಮುಖಕ್ಕೆ ಕೈ ಹಾಕುವುದೇ!

"ತಪ್ಪಾಯ್ತು ಬೂ, ಆಮೇಲೆ ಬೈಯಿರಿ!" ತಾಯಿಯನ್ನು ಕರೆಯುವಂತೆ ಅತ್ತೆಯನ್ನು ‘ಬೂ’ ಎನ್ನುತ್ತಿದ್ದ ಅವಳು ನ್ಯಾಯಾಧೀಶೆಯತ್ತ ತಿರುಗಿದಳು. "ಅಮ್ಮಾ, ಬಾಗಿಲು ಹಾಕಿಸಿ! ಗುಟ್ಟಿನ ದಾವೇಲಿ ಮುಚ್ಚಿದ ಬಾಗಿಲಲ್ಲಿ ವಿಚಾರಣೆ ಮಾಡ್ಬಹುದು ಅಂತ ಕಾನೂನಿದೆಯಲ್ಲ!"

ಅತ್ತೆಯ ವಕೀಲರಿಗೂ ಈಗ ಎಚ್ಚರವಾಯಿತು. "ಹೌದು ಹೌದು, ಅದೇ ನಮ್ಮ ಕೋರಿಕೆ!"

"ಆಗಲಿ. ಹೊರಗಿನವರೆಲ್ಲ ಆಚೆ ಹೋಗಿ," ಎಂದರು ನ್ಯಾಯಾಧೀಶೆ.

ಬೆಂಚುಗಳು ಗೊಣಗುತ್ತ ಖಾಲಿಯಾದವು. ವೆನಿಂಗ್ ಕೂಡ ಚಪ್ಪಲಿ ಹುಡುಕಿಕೊಂಡು ಬಾಗಿಲತ್ತ ನಡೆದಳು. ದಾವೆಯಲ್ಲಿ ಅವಳ ಹೆಸರೆಲ್ಲಿತ್ತು?

"ನ್ದುಕ್, ನೀನೆಲ್ಲಿಗೆ ಹೊರಟೆ?" ಮಗಳನ್ನು ಕರೆಯುವ ಆ ಕರೆ ಅತ್ತೆಯ ಬಾಯಲ್ಲಿ ಅವಳಿಗೆ ಇದೇ ಮೊದಲು. ಅತ್ತೆ ನ್ಯಾಯಾಧೀಶೆಯತ್ತ ತಿರುಗಿದರು. "ಅಮ್ಮಾ, ಇವಳು ಇಲ್ಲೇ ಇರ್ಲಿ. ನನ್ನ ನಂತರ ಕಡಾಯಿ ಇವಳದೇ."

ನ್ಯಾಯಾಧೀಶೆ ನಕ್ಕು ಒಪ್ಪಿದರು. ಬಾಗಿಲು ಮುಚ್ಚಿತು. ಅತ್ತೆ ಮೆಲ್ಲಗೆ, ಕಡಾಯಿಗೆ ಬೀಳುವ ಮೊದಲ ವಸ್ತುವಿನ ಹೆಸರು ಹೇಳಿದರು.

"ಅದಾ!" ವೆನಿಂಗ್ ಕಣ್ಣರಳಿಸಿದಳು. "ದಿನಾ ಅಂಗಳದಿಂದ ಗುಡಿಸಿ ಎಸೀತಿದ್ದೆನಲ್ಲ ಬೂ! ಅಷ್ಟೇನಾ?"

"ಅಷ್ಟೇ ಎಲ್ಲಿ ಬಂತು? ಕೂತ್ಕೊಂಡು ಕೇಳು."